ಮೊಟ್ಟೆ, ನಿಂಬೆಹಣ್ಣು, ಗೆಲಾಕ್ಸಿ

ಇಸ್ಕೂಲಲ್ಲಿ ಪಾಠ ಮಾತ್ರ ನಡೆಯುತ್ತದೆ ಅಂದುಕೊಂಡವರು ಬಂದು ನಮ್ಮ ಬಿಸಿಯೂಟದ ಕೋಣೆಯ ಕಿಟಕಿಯಲ್ಲಿ ಒಂದು ವಾರ ಕೂರಬೇಕು. ದೇವಲಾಪುರದ ಕಡೆಯ ಒಂದು ಹೈಸ್ಕೂಲಲ್ಲಿ ಅಡುಗೆ ಮಾಡುವವಳು ನಾನು. ಓದಿದ್ದು ಕಮ್ಮಿ, ಕೇಳಿಸಿಕೊಂಡದ್ದು ಜಾಸ್ತಿ. ಕೇಳಿಸಿಕೊಂಡದ್ದನ್ನು ಒಳಗೇ ಇಟ್ಟುಕೊಂಡರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

೧. ಬೆಂದ ಮೊಟ್ಟೆ

ವಿಜ್ಞಾನಕ್ಕೆ ಶ್ರೀರಂಗಪಟ್ಟಣದಿಂದ ಹೊಸ ಮೇಡಂ ಬಂದಿದ್ದರು. ಚಿಕ್ಕ ವಯಸ್ಸು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಹೆಡ್‌ಮಾಸ್ಟರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದರು. ಒಂದಿನ ಬಂದು, ಅಜ್ಜಿ ಒಂದು ಬೆಂದ ಮೊಟ್ಟೆ ಕೊಡಿ ಅಂದರು. ಮದುವೆಯಾಗದ ಹುಡುಗಿಗೆ ಹೊತ್ತಲ್ಲದ ಹೊತ್ತಲ್ಲಿ ಏನು ಬಯಕೆ ಅಂತ ನಾನು ಹಿಂದೆಯೇ ಹೋದೆ.

ತಿನ್ನಲಿಲ್ಲ. ಮೊಟ್ಟೆ ಎತ್ತಿ ಹಿಡಿದು ಪಾಠ ಶುರು ಮಾಡಿದರು. ಕೋಟಿಗಟ್ಟಲೆ ನಕ್ಷತ್ರ ಗುಂಪು ಕಟ್ಟಿಕೊಂಡರೆ ಅದು ಗೆಲಾಕ್ಸಿಯಂತೆ. ಆಕಾರ ನೋಡಿ ಬಗೆ ಬಗೆ ಮಾಡುತ್ತಾರಂತೆ. ಮೊಟ್ಟೆಯಂಥದು ಒಂದು, ಅದರಲ್ಲಿ ಬಹುಪಾಲು ಮುದಿ ನಕ್ಷತ್ರ. ಸುಳಿ ಸುತ್ತಿ ತೋಳು ಚಾಚಿದ್ದು ಇನ್ನೊಂದು, ತೋಳಲ್ಲಿ ಹೊಸವು ಹುಟ್ಟುತ್ತಿರುತ್ತವೆ. ಆಕಾರವೇ ಇಲ್ಲದ್ದು ಮತ್ತೊಂದು. ಎರಡು ಗೆಲಾಕ್ಸಿ ಹತ್ತಿರ ಬಂದರೆ ಒಂದನ್ನೊಂದು ಎಳೆದುಕೊಂಡು ಒಂದೇ ಆಗಿಬಿಡುತ್ತವಂತೆ.

ನಮ್ಮ ಪಕ್ಕದ ಬೀದಿಯಲ್ಲಿ ಇಬ್ಬರು ಹಂಗೆ ಆದಾಗ ಪೊಲೀಸ್ ಜೀಪು ಬಂದಿತ್ತು. ಆಕಾಶಕ್ಕೆ ಯಾರು ಬರುತ್ತಾರೋ ಮೇಡಂ ಹೇಳಲಿಲ್ಲ.

೨. ಬಾಗಿಲಲ್ಲಿ ಸುಳಿ

ಸೋಮವಾರ ಬೆಳಗ್ಗೆ ಒಲೆ ಹಚ್ಚಲು ಹೋದವಳು ಇಸ್ಕೂಲಿನ ಬಾಗಿಲಲ್ಲೇ ನಿಂತುಬಿಟ್ಟೆ. ನೆಲದ ಮೇಲೆ ಎತ್ತಿನಗಾಡಿಯಗಲ ಸುಳಿ. ರಂಗೋಲಿ ಪುಡಿ, ಅರಿಶಿನ, ಕುಂಕುಮ, ನೀಲಿ. ನಡುವೆ ಅರ್ಧ ಕೊಯ್ದ ನಿಂಬೆಹಣ್ಣು, ಒಣಗಿ ಕಪ್ಪಾಗಿ ಇರುವೆ ಮುತ್ತಿತ್ತು. ಪಕ್ಕದಲ್ಲೊಂದು ಮೊಟ್ಟೆ. ಮಾಟ ದಾಟಿದವರು ರಕ್ತ ಕಾರುತ್ತಾರೆ ಅಂತ ಕೇಳಿಯೇ ಬೆಳೆದವಳು ನಾನು. ಬೆನ್ನು ತಿರುಗಿಸಲೂ ಧೈರ್ಯವಿಲ್ಲದೆ ಹಿಂದಿಂದಕ್ಕೇ ನಡೆದು ಬಂದೆ.

ನೆಟ್ಟಗೆ ಶಾಲಾ ಸಮಿತಿ ಅಧ್ಯಕ್ಷರ ಮನೆಗೆ ಹೋಗಿ ಅವರ ಹೆಂಡತಿಗೆ ಹೇಳಿದೆ. ಇದ್ದದ್ದನ್ನು ಇದ್ದಹಾಗೇ ಹೇಳಿದೆ, ಕೋಳಿತಲೆ ಒಂದನ್ನು ಮಾತ್ರ ನಾನು ಸೇರಿಸಿದ್ದು.

ಅಧ್ಯಕ್ಷರು ಓಡಿ ಬಂದು ನೋಡಿ ಬಿಳಿಚಿಕೊಂಡರು. ಯಾಕೆ ಅಂತ ಊರಿಗೇ ಗೊತ್ತು. ಇಸ್ಕೂಲಿನ ಕಬ್ಬಿಣದ ಗೇಟು ಮಳೆಗೆ ತುಕ್ಕು ಹಿಡಿದೀತು ಅಂತ ಕಿತ್ತುಕೊಂಡು ಹೋಗಿ ತಮ್ಮ ಕೊಟ್ಟಿಗೆಗೆ ಹಾಕಿಕೊಂಡಿದ್ದರು. ಸುಳಿ ಬಿದ್ದಿದ್ದು ಸರಿಯಾಗಿ ಆ ಗೇಟಿದ್ದ ಜಾಗದಲ್ಲಿ.

"ನಂಗೇ ಮಡಗವ್ರೆ ಕಣ್ ದೊಡ್ಡವ್ವ" ಅಂದರು.

ಹೆದರಿದವರಿಗೆ ಧೈರ್ಯ ಹೇಳಬೇಕಲ್ಲ. "ನಿಂಗೇ ಅಂತ ಯಾಕ್ ಅಂದ್ಕತೀಯಪ್ಪ, ನಿನ್ನ ಹಸುಗೂ ಇರ್ಬೋದು" ಅಂದೆ.

೩. ಮಾಟ ತೆಗೆಯುವವರು

ಮಕ್ಕಳೆಲ್ಲ ರೋಡಿನಲ್ಲೇ ನಿಂತವು. ಯಾವ ತಾಯಿಯೂ ದಾಟಲು ಬಿಡಲಿಲ್ಲ. ಹೆಡ್‌ಮಾಸ್ಟರು ಬೈಕಿನಿಂದಲೇ ಇಳಿಯಲಿಲ್ಲ. ಅಧ್ಯಕ್ಷರು ಕೆ.ಆರ್. ಪೇಟೆ ಕಡೆಯಿಂದ ಮಾಟ ತೆಗೆಯುವವರನ್ನು ಕಾರಿನಲ್ಲಿ ಕರೆಸಿದರು. ಆವಯ್ಯ ದೂರದಿಂದಲೇ ಸುತ್ತು ಹಾಕಿ ನೋಡಿ ಬೆವರು ಒರೆಸಿಕೊಂಡು, ಇದು ನಮ್ಮ ಸೀಮೆಯದಲ್ಲ, ಬಲು ದೂರದ್ದು, ಮುಟ್ಟಲ್ಲ ಅಂದ.

ಅಷ್ಟರಲ್ಲಿ ಬಸ್ಸು ಬಂತು. ಇಳಿದ ಮೇಡಂ ಜನ ಯಾಕೆ ಸೇರಿದ್ದಾರೆ ಅಂತಲೂ ಕೇಳದೆ ಸೀರೆ ಎತ್ತಿಕೊಂಡು ಸುಳಿ ದಾಟಿ ಮೊಟ್ಟೆ ಕೈಗೆತ್ತಿಕೊಂಡರು. ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ರಕ್ತ ಕಾರಲಿಲ್ಲ. "ಸದ್ಯ, ದನ ತುಳಿದಿಲ್ಲ. ಶನಿವಾರ ಮಕ್ಕಳು ಹೋದ ಮೇಲೆ ಬಿಸಿಲಲ್ಲಿ ಕೂತು ಬರೆದಿದ್ದೆ" ಅಂದರು.

ಬರೆದವಳು ಇವಳೇ ಅಂತ ಆಯಿತು. ಇವತ್ತೇ ಆಫೀಸಿಗೆ ಹೋಗಿ ಎತ್ತಂಗಡಿ ಮಾಡಿಸ್ತೀನಿ ಅಂತ ಅಧ್ಯಕ್ಷರು ಕೂಗಾಡಿದರು. ಮೇಡಂ ನಡುವಿನ ಹಳದಿ ನಿಂಬೆಹಣ್ಣು ಹಳೇ ನಕ್ಷತ್ರ, ಪಕ್ಕದ ಮೊಟ್ಟೆ ಇನ್ನೊಂದು ಗೆಲಾಕ್ಸಿ, ತೋಳಿನ ನೀಲಿ ಹೊಸವು, ಇದು ಪಾಠ ಸಾರ್, ನನ್ನ ಕೆಲಸ ಹೋಗುತ್ತೆ ಸಾರ್ ಅಂತ ಅತ್ತರು. ಯಾರು ಕೇಳುತ್ತಾರೆ?

ಆವಯ್ಯ ಹೇಳಿದ ದೂರ ಎಷ್ಟು ಅಂತ ನಾನು ಆಮೇಲೆ ಮೇಡಂನ ಕೇಳಿದೆ. ಆ ಸುಳಿಯ ಈ ತುದಿಯಿಂದ ಆ ತುದಿಗೆ ಬೆಳಕೇ ಲಕ್ಷ ವರ್ಷ ನಡೆಯಬೇಕಂತೆ. ಕೆ.ಆರ್. ಪೇಟೆಯಾತ ಹುಟ್ಟಿದ ಮೇಲೆ ಹೇಳಿದ ನಿಜ ಅದೊಂದೇ ಇರಬೇಕು.

೪. ಗೇಟು

ಅಧ್ಯಕ್ಷರು ಕಾರು ಹತ್ತುವಾಗ ಆವಯ್ಯ ತಡೆದ. "ಕಟ್ಟಿದೋರೇ ಬಿಚ್ಬೇಕು. ಆವಮ್ಮ ಸಿಟ್ಕಂಡು ಹೊಂಟೋದ್ರೆ ನಿನ್ನ ಗತಿ?"

ಅಧ್ಯಕ್ಷರು ಅಲ್ಲೇ ಕುಸಿದು ಕೂತರು. ಏನು ಮಾಡಿದರೆ ಸಮಾಧಾನ ಆಗ್ತಾರೆ ಕೇಳಿ ಅಂತ ಹೆಡ್‌ಮಾಸ್ಟರನ್ನು ಮುಂದೆ ತಳ್ಳಿದರು. ಮೇಡಂ ಕಣ್ಣೊರೆಸಿಕೊಂಡು, ನನಗೇನೂ ಬೇಡ ಸಾರ್, ಪಾಠ ಮಾಡಲು ಬಿಡಿ, ದನ ಬರದಂಗೆ ಒಂದು ಗೇಟಿದ್ದರೆ ಸಾಕು ಅಂದರು.

ಮಧ್ಯಾಹ್ನದ ಊಟಕ್ಕೆ ಮೊದಲೇ ಟ್ರಾಕ್ಟರಲ್ಲಿ ಗೇಟು ಬಂತು. ಮಕ್ಕಳು ಸುಳಿಯ ಸುತ್ತ ಕೂತು ಪಾಠ ಕೇಳಿದವು, ತಾಯಂದಿರು ದೂರದಲ್ಲಿ ಕೈಮುಗಿದುಕೊಂಡು ನಿಂತರು. ಎತ್ತಂಗಡಿ ಮಾತು ಸತ್ತೇಹೋಯಿತು. ಅಧ್ಯಕ್ಷರು ಮಾತ್ರ ಮೆಲ್ಲಗೆ ಬಂದು, "ಈಗ ಬುಟ್ಟೋಯ್ತಾ ಮೇಡಂ?" ಅಂದರು.

ಪಾಠದ ವಿಷಯ ಕೇಳುತ್ತಿದ್ದಾರೆ ಅಂತ ಮೇಡಂಗೆ ಖುಷಿಯಾಯಿತು. "ಎಲ್ಲಿ ಬಿಡುತ್ತೆ ಸಾರ್? ಇದು ಸುತ್ತುತ್ತಲೇ ಇರುತ್ತೆ. ನೀವೂ ಇದರೊಳಗೇ ಇದ್ದೀರಿ, ನೋಡಿ, ಇಲ್ಲಿ" ಅಂತ ತೋಳಿನ ಮೇಲೆ ಬೆರಳಿಟ್ಟು ತೋರಿಸಿದರು. ಅಧ್ಯಕ್ಷರಿಗೆ ಸಂಜೆಗೆ ಜ್ವರ.

ಮಾರನೇ ದಿನ ಹೆಡ್‌ಮಾಸ್ಟರು ಅಡುಗೆಕೋಣೆ ಪಕ್ಕದಲ್ಲಿ ಮೇಡಂನ ನಿಲ್ಲಿಸಿಕೊಂಡು, ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. ನನಗೆ ಕೇಳಿಸದೆ ಇರುತ್ತಾ?

"ಮೇಡಂ, ಆಕಾರ ಇಲ್ಲದ ಗೆಲಾಕ್ಸಿ ಒಂದು ಬಾಕಿ ಇದೆಯಲ್ಲ, ಅದನ್ನ ಇಲ್ಲಿ ಬರೀಬೇಡಿ. ನಮ್ಮ ಶೌಚಾಲಯ ಅರ್ಧಕ್ಕೆ ಬಿಟ್ಟುಹೋದ ಕಂಟ್ರಾಕ್ಟರು ಪಾಂಡವಪುರದಲ್ಲಿದ್ದಾರೆ. ಅವರ ಮನೆ ಮುಂದೆ ಜಾಗ ಚೆನ್ನಾಗಿದೆ."