ಎರಡಕ್ಷರದ ಗುರಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳಿ ಅಭ್ಯಾಸವಿಲ್ಲ. ಬೇರೆಯವರು ಬರೆದದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಎಲ್ಲವನ್ನೂ ವಿವರಿಸಿದ್ದೇನೆ.

ಆ ವರ್ಷ ಊರಿನಲ್ಲಿ ಒಬ್ಬರಿಗೂ ನೆಗಡಿಯಾಗಲಿಲ್ಲ. ಇದು ಕಚೇರಿಯ ದಾಖಲೆಯಲ್ಲಿರುವ ಸಂಗತಿ.

ಕಚೇರಿ ಎಂದರೆ ರೋಗಗಣತಿ ಕಚೇರಿ. ಅದರ ನೆಗಡಿ-ಕೆಮ್ಮು ವಿಭಾಗದಲ್ಲಿ ಒಂದು ಮೇಜು, ಒಂದು ಕಿಟಕಿ, ಒಬ್ಬ ಗುಮಾಸ್ತ. ಇಪ್ಪತ್ತೆರಡು ವರ್ಷ ಊರಿನ ಸೀನುಗಳ ಲೆಕ್ಕ ಇಟ್ಟಿದ್ದರಿಂದ ಎಲ್ಲರೂ ಅವನನ್ನು ಸೀನಪ್ಪ ಎನ್ನುತ್ತಿದ್ದರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ನೆಗಡಿ ಯಾಕೆ ಆಗಲಿಲ್ಲ ಎಂಬುದು ಸೀನಪ್ಪನಿಗೆ ಚೆನ್ನಾಗಿ ತಿಳಿದಿತ್ತು. ಊರಿಗೆ ದೊಡ್ಡ ಸೋಂಕು ಬಂದಿತ್ತು. ಅದಕ್ಕೆ ಹೆದರಿ ಜನ ಮುಖಕ್ಕೆ ಮಾಸ್ಕ್ ಹಾಕಿದರು, ಕೈ ತೊಳೆದರು, ದೂರ ದೂರ ಕೂತರು. ಹುಲಿಗೆಂದು ಕಟ್ಟಿದ ಬೇಲಿ ನರಿಯನ್ನೂ ತಡೆಯಿತು, ಅಷ್ಟೇ. ಅವನ ಮನೆಯಲ್ಲೇ ಅದಕ್ಕೆ ಸಾಕ್ಷಿಯಿತ್ತು. ಎರಡನೇ ತರಗತಿಯ ಮಗಳ ಎದೆಯಲ್ಲಿ ಪ್ರತಿ ಚಳಿಗಾಲ ಬೆಕ್ಕಿನ ಮರಿ ಹೊಕ್ಕಂತೆ ಗೊರಗೊರ ಸದ್ದು ಬರುತ್ತಿತ್ತು. ಈ ಸಲ ಬರಲಿಲ್ಲ. ಅವಳಿಗೆ ಔಷಧಿಯ ಹೊಗೆ ಕುಡಿಸುವ ಯಂತ್ರವನ್ನು ಹೆಂಡತಿ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದಳು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ವಾರ್ಷಿಕ ಫಾರಂನಲ್ಲಿ 'ನಿರೀಕ್ಷಿತ ಪ್ರಕರಣಗಳ ಸಂಖ್ಯೆ' ಎಂಬ ಕಾಲಂ ಇರುತ್ತದೆ. ಸಾಮಾನ್ಯವಾಗಿ ಇಷ್ಟು ಜನಕ್ಕೆ ಬರುತ್ತದೆ ಎಂಬ ಅಂದಾಜು ಅದು. ಆ ಸಲ ಕಾಲಂ ಕಿರಿದಾಗಿ ಅಷ್ಟುದ್ದದ ಮಾತು ಹಿಡಿಸಲಿಲ್ಲ. ನಾನು 'ಗುರಿ' ಎಂದು ಹೊಡೆದೆ. ಎರಡೇ ಅಕ್ಷರ, ಚೆನ್ನಾಗಿ ಕೂತಿತು.

ಕಚೇರಿಗೆ ಹೊಸದಾಗಿ ಬಂದಿದ್ದ ದೊಡ್ಡ ಸಾಹೇಬರು ಫಾರಂ ಓದಿ ಸೀನಪ್ಪನಿಗೆ ನೋಟಿಸು ಕಳಿಸಿದರು:

"ಪ್ರಸಕ್ತ ಸಾಲಿನಲ್ಲಿ ಡಿಸೆಂಬರ್ ಅಂತ್ಯದವರೆಗೆ 4,200 ನೆಗಡಿಗಳ ಗುರಿಗೆ ತಾವು ಸೊನ್ನೆ ಸಾಧನೆ ತೋರಿರುತ್ತೀರಿ. ಮೂರು ದಿನಗಳೊಳಗೆ ಕಾರಣ ಸಹಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ವಿಭಾಗವನ್ನು ಮುಚ್ಚಿ ತಮ್ಮನ್ನು ನಾಯಿಕಡಿತ ವಿಭಾಗಕ್ಕೆ ವರ್ಗಾಯಿಸಲಾಗುವುದು."

ಸೀನಪ್ಪನಿಗೆ ನಾಯಿ ಎಂದರೆ ಜೀವಭಯ. ಆ ವಿಭಾಗದಲ್ಲಿ ಗುಮಾಸ್ತನೇ ಖುದ್ದಾಗಿ ಹೋಗಿ ಕಚ್ಚಿದ ನಾಯಿಯನ್ನು ಗುರುತಿಸಬೇಕು. ಹಿಂದಿನ ಗುಮಾಸ್ತ ಒಂದೇ ವರ್ಷದಲ್ಲಿ ತನ್ನ ಹೆಸರನ್ನು ಮೂರು ಸಲ ದಾಖಲಿಸಿಕೊಂಡಿದ್ದ.

ಅವನು ಸಾಹೇಬರ ಕೊಠಡಿಗೆ ಹೋದ.

"ಸಾರ್, ಗುರಿ ಅಂದ್ರೆ ಗುರಿ ಅಲ್ಲ. ಅಂದಾಜು. ಜಾಗ ಸಾಲದೆ ಟೈಪಿಸ್ಟು ಹಾಗೆ ಹೊಡ್ದಿದಾನೆ."

"ನಾಯಿಕಡಿತದವರಿಗೂ ಅಷ್ಟೇ ಜಾಗ ಇತ್ತು. ಅವರು ಗುರಿ ದಾಟಿದಾರೆ."

"ನಾಯಿಗಳು ಮಾಸ್ಕ್ ಹಾಕಲ್ಲ ಸಾರ್."

"ನೆಪ ಹೇಳ್ಬೇಡಿ. ನೆಗಡಿ ಯಾಕೆ ಬರ್ಲಿಲ್ಲ ಅಂತ ಒಂದೊಂದೇ ಬರೆದು ಕೊಡಿ."

ಸೀನಪ್ಪ ಪ್ರಾಮಾಣಿಕ ಮನುಷ್ಯ. ಮೂರು ದಿನ ಕೂತು ಬರೆದ. ಮಕ್ಕಳು ಮಾಸ್ಕ್ ಹಾಕುತ್ತಾರೆ. ಶಾಲೆಗಳಲ್ಲಿ ಹೊಸದಾಗಿ ನಲ್ಲಿ, ಸಾಬೂನು ಇಟ್ಟಿದ್ದಾರೆ. ತರಗತಿಯ ಕಿಟಕಿ ತೆರೆದಿಡುತ್ತಾರೆ. ಮೈ ಬೆಚ್ಚಗಾದರೆ ಮನೆಗೆ ಕಳಿಸುತ್ತಾರೆ. ತನ್ನ ಮಗಳ ಉದಾಹರಣೆಯನ್ನೂ ಕೊಟ್ಟ. ಮೇಲೆ 'ಕಾರಣಗಳು' ಎಂದು ತಲೆಬರಹ ಹಾಕಿದ. ಇನ್ನು ಅರ್ಥವಾಗದೆ ಇರಲು ಸಾಧ್ಯವಿಲ್ಲ ಎಂದುಕೊಂಡ.

ಸಾಹೇಬರಿಗೆ ಅರ್ಥವಾಯಿತು. ಅವರು 'ಕಾರಣಗಳು' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಅಡಚಣೆಗಳು' ಎಂದು ತಿದ್ದಿದರು. ಮರುದಿನ ಸುತ್ತೋಲೆ ಹೊರಟಿತು:

"ಒಂದು: ನೆಗಡಿ ಗುರಿ ಸಾಧನೆಗೆ ಅಡ್ಡಿಯಾಗಿರುವ ಮೇಲ್ಕಂಡ ಅಡಚಣೆಗಳನ್ನು ಪ್ರಾಯೋಗಿಕವಾಗಿ ಕಚೇರಿಗೆ ಸಮೀಪದ ಶಾಲೆಯಲ್ಲಿ ನಿವಾರಿಸತಕ್ಕದ್ದು. ಎರಡು: ಗುರಿ ತಲುಪುವವರೆಗೆ ಸಿಬ್ಬಂದಿ ದಿನಕ್ಕೆ ತಲಾ ಒಂದು ಸೀನು ಒದಗಿಸತಕ್ಕದ್ದು. ನಶ್ಯವನ್ನು ಕಚೇರಿಯೇ ಪೂರೈಸುವುದು. ಮಾಸ್ಕ್ ಒಳಗೆ ಸೀನಿದ್ದು ಲೆಕ್ಕಕ್ಕೆ ಬರತಕ್ಕದ್ದಲ್ಲ."

ಹನ್ನೊಂದು ಗಂಟೆಗೆ ಸೀನಪ್ಪನ ಮೇಜಿನ ಮುಂದೆ ಸಾಲು ನಿಲ್ಲತೊಡಗಿತು. ನಾವೆಲ್ಲ ಒಂದೊಂದು ಚಿಟಿಕೆ ಏರಿಸಿ ಸೀನಿ ಸಹಿ ಹಾಕಿ ಹೋಗುತ್ತಿದ್ದೆವು.

"ನಂಗೆ ಇವತ್ತು ಬರ್ತಿಲ್ಲ ಸೀನಪ್ಪಣ್ಣ," ಎಂದ ಜವಾನ. "ಮೂಗಿನ ತುದಿಗೆ ಬಂದು ವಾಪಸ್ ಹೋಗತ್ತೆ. ನಾಳೆ ಎರಡು ಸೀನ್ಲಾ?"

"ರಜಾ ಅರ್ಜಿ ಕೊಡು."

"ಸೀನಿಗೂ ರಜೆನಾ?"

"ನನಗೂ ಹೊಸದು ಕಣೋ. ಬರೆದು ಕೊಡು."

ಶಾಲೆಯ ಕೆಲಸವೂ ಚುರುಕಾಗಿ ನಡೆಯಿತು. ಸಮೀಪದ ಶಾಲೆ ಎಂದರೆ ಸೀನಪ್ಪನ ಮಗಳು ಓದುವ ಶಾಲೆ. ಸುತ್ತೋಲೆಯಲ್ಲಿ ಶಾಲೆಯ ಹೆಸರಿರಲಿಲ್ಲ, ಸೀನಪ್ಪನೂ ಕೇಳಲಿಲ್ಲ. ನಾಯಿಯ ಹಲ್ಲೇ ಕಣ್ಮುಂದೆ ಇರುವಾಗ ಬೇರೇನೂ ಕಾಣುವುದಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಅವನು ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ, "ರೀ, ಕೂಸಿನ ಎದೆ ಕೇಳಿ," ಎಂದಳು.

ಅವನು ಕಿವಿಯಿಟ್ಟ. ಬೆಕ್ಕಿನ ಮರಿ ಮರಳಿ ಬಂದಿತ್ತು.

"ಸ್ಕೂಲಲ್ಲಿ ನಲ್ಲಿ ಕಿತ್ಕೊಂಡು ಹೋದ್ರಂತೆ. ಯಾವ ಪುಣ್ಯಾತ್ಮನ ತಲೆಗೆ ಹೊಳೀತೋ."

ಸೀನಪ್ಪ ಮಗಳ ಬೆನ್ನು ನೀವಿದ.

"ಅಪ್ಪಾ," ಎಂದಳು ಮಗಳು, ಒಂದೊಂದು ಮಾತಿಗೂ ಉಸಿರೆಳೆದುಕೊಂಡು, "ಕಿಟಕಿ ಹಾಕ್ಬಿಟ್ಟಿದಾರೆ. ಎಲ್ರೂ ಸೀನ್ತಾರೆ. ನೀನು ಬಂದು ಎಣಿಸ್ತೀಯಾ?"

ಅವನು ಅಟ್ಟ ಹತ್ತಿ ಯಂತ್ರ ಇಳಿಸಿದ. ಅದು ಸಾಲದೆ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮರುದಿನ ಕಚೇರಿಗೆ ಬಂದು, ಶಾಲೆಯ ಪ್ರಯೋಗಕ್ಕೆಂದೇ ಇಟ್ಟಿದ್ದ ಹೊಸ ರಿಜಿಸ್ಟರ್ ತೆರೆದ. ಗೆರೆ ಎಳೆದ, ದಿನಾಂಕ ಹಾಕಿದ. ಸಾಹೇಬರು ಹಿಂದೆ ಬಂದು ನಿಂತಾಗ ಬರೆದ: ಕ್ರಮ ಸಂಖ್ಯೆ ಒಂದು, ವಯಸ್ಸು ಏಳು.

"ಸ್ವಂತ ಮನೆಯಿಂದಲೇ ಶುರು ಮಾಡಿದೀರಿ," ಎಂದರು ಸಾಹೇಬರು. "ನಿಷ್ಠೆ ಅಂದ್ರೆ ಇದು."

ಮೂರನೇ ದಿನ ಅವರು ಆಸ್ಪತ್ರೆಗೆ ಬಂದು, ಎರಡು ಮಾಸ್ಕ್ ಹಾಕಿಕೊಂಡು, ಬಾಗಿಲಲ್ಲೇ ನಿಂತು, 'ಪ್ರಥಮ ಪ್ರಕರಣ' ಎಂಬ ಪ್ರಶಸ್ತಿ ಪತ್ರವನ್ನು ನರ್ಸ್ ಕೈಯಲ್ಲಿ ಕೊಡಿಸಿದರು. ಹೋಗುವಾಗ ಕೈ ತೊಳೆದುಕೊಂಡರು. ಅವರು ಹೋದ ಮೇಲೆ ಹೆಂಡತಿ ಪತ್ರವನ್ನು ಪೂರ್ತಿ ಓದಿದಳು. ಕೆಳಗೆ 'ಅಡಚಣೆಗಳನ್ನು ಗುರುತಿಸಿಕೊಟ್ಟವರು' ಎಂದು ಗಂಡನ ಹೆಸರಿತ್ತು.

"ನಾಯಿಕಡಿತಕ್ಕೆ ಹೋಗಿದ್ರೆ," ಎಂದಳು ಅವಳು, ಮೆಲ್ಲಗೆ, "ನಿಮಗೊಬ್ರಿಗೇ ಕಚ್ತಿತ್ತು."

ಮಗಳು ಮನೆಗೆ ಬಂದಳು. ಯಂತ್ರ ಅಟ್ಟಕ್ಕೆ ಹೋಗಲಿಲ್ಲ. ಮೇಜಿನ ಮೇಲೇ ಇದೆ, ಧೂಳು ಕೂರದ ಹಾಗೆ ಅದರ ಮೇಲೆ ಪ್ರಶಸ್ತಿ ಪತ್ರ ಮುಚ್ಚಿದ್ದಾರೆ. ಪ್ರಯೋಗ ಯಶಸ್ವಿಯಾದ್ದರಿಂದ ಉಳಿದ ಶಾಲೆಗಳ ನಲ್ಲಿಗಳನ್ನೂ ಕಿತ್ತು ಕಚೇರಿಗೆ ತಂದರು. ಒಂದನ್ನು ಸಾಹೇಬರ ಕೊಠಡಿಗೆ ಹಾಕಿದರು. ಮಾರ್ಚ್ ಹೊತ್ತಿಗೆ ಗುರಿ ದಾಟಿತು. ಸೀನಪ್ಪನ ಮೇಜು, ಕಿಟಕಿ ಎರಡೂ ಉಳಿದವು. ಮುಂದಿನ ಸಾಲಿಗೆ ಐದು ಸಾವಿರ.

ಈಗ ಫಾರಂ ಅಗಲವಾಗಿದೆ. 'ನಿರೀಕ್ಷಿತ ಪ್ರಕರಣಗಳ ಸಂಖ್ಯೆ' ಎಂದು ಪೂರ್ತಿ ಹೊಡೆದು ಸಾಹೇಬರಿಗೆ ತೋರಿಸಿದೆ. ಎಲ್ಲರಿಗೂ ರೂಢಿಯಾಗಿದೆ, ಗುರಿಯೇ ಇರಲಿ ಎಂದರು. ಎಲ್ಲರೂ ಹೌದೆಂದರು, ಸೀನಪ್ಪನೂ. ಗುರಿ ತಲುಪಿದ ಮೇಲೂ ಸಿಬ್ಬಂದಿಯ ಸೀನು ಯಾಕೆ ನಿಂತಿಲ್ಲ ಎಂದು ನೀವು ಕೇಳಬಹುದು. ಅದನ್ನು ವಿವರಿಸುತ್ತೇನೆ. ನಿಲ್ಲಿಸಿ ಎಂಬ ಆದೇಶ ಬರಬೇಕಾದರೆ ಮೊದಲು ಯಾರಾದರೂ

"ಟೈಪಿಸ್ಟೇ, ಬನ್ರೀ ಈ ಕಡೆ. ಎಲ್ಲರದೂ ಆಯ್ತು, ನಿಮ್ಮದೊಂದೇ ಉಳಿದಿರೋದು."

ಸೀನಪ್ಪ ಕರೆಯುತ್ತಿದ್ದಾನೆ. ಮಾಸ್ಕ್ ಇಲ್ಲೇ ತೆಗೆದಿಟ್ಟು ಹೋಗಬೇಕು, ಯಾಕೆಂದರೆ