ಈರಯ್ಯನ ಹೆಬ್ಬೆರಳು

ಕಾದಂಬರಿ ಓದಿ ಯಾರಿಗೂ ಅಪಾಯವಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಜನಗೂಡಿನ ನನ್ನ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದುತ್ತೇನೆ. ಗಿರಾಕಿಗಳಿದ್ದಾಗಲೂ ಓದುತ್ತೇನೆ ಎಂಬುದು ನನ್ನ ಹೆಂಡತಿ ಗಿರಿಜೆಯ ದೂರು. ಅಧ್ಯಾಯದ ನಡುವೆ ಪುಸ್ತಕ ಮುಚ್ಚಲು ನನ್ನಿಂದಾಗದು. ಮುಚ್ಚಲೇಬೇಕಾದರೆ ಖಾಲಿ ಮಾತ್ರೆಪಟ್ಟಿಯೊಂದನ್ನು ಗುರುತಿಗೆ ಇಡುತ್ತೇನೆ. ಗಿರಿಜೆಯ ಕ್ರಮವೇ ಬೇರೆ. ಅವಳು ಕೊನೆಯ ಪುಟವನ್ನು ಮೊದಲು ಓದುತ್ತಾಳೆ.

"ಎಲ್ರೂ ಬದುಕಿರ್ತಾರಾ ಅಂತ ನೋಡ್ಕೊಂಡ್ಬಿಟ್ರೆ, ಆಮೇಲೆ ನೆಮ್ಮದಿಯಾಗಿ ಓದ್ಬಹುದು ಕಣ್ರೀ" ಎನ್ನುತ್ತಾಳೆ.

ಇದು ಸಾಹಿತ್ಯಕ್ಕೆ ಮಾಡುವ ಘೋರ ಅಪಚಾರವೆಂದು ಅವಳಿಗೆ ಹಲವು ಬಾರಿ ಉಪನ್ಯಾಸ ಕೊಟ್ಟಿದ್ದೇನೆ. ಅವಳು ಅದರ ಕೊನೆಯನ್ನು ಮಾತ್ರ ಕೇಳಿಸಿಕೊಂಡಿದ್ದಾಳೆ.

ನಮ್ಮದೊಂದು ಓದುಗರ ಕೂಟವಿದೆ. ಅದರ ಯಜಮಾನಿಕೆ ತಿ. ನರಸೀಪುರದ ನಿವೃತ್ತ ಶಿಕ್ಷಕಿ ನಾಗರತ್ನ ಮೇಡಂ ಅವರದು. ತಿಂಗಳಿಗೊಬ್ಬರು ತಮ್ಮ ಮೆಚ್ಚಿನ ಪಾತ್ರದ ಬಗ್ಗೆ ಮಾತಾಡಬೇಕು. ಬರೀ ಮಾತಾಡಿದರೆ ಸಾಲದು, ಆ ಪಾತ್ರದ ಒಂದು ಅಭ್ಯಾಸವನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಹಾಗೆ ಮಾಡದಿದ್ದರೆ ಜನ ಪುಸ್ತಕದ ಹಿಂಬದಿ ಓದಿಕೊಂಡು ಬಂದು ಭಾಷಣ ಬಿಗಿಯುತ್ತಾರೆ ಎಂಬುದು ಮೇಡಂ ಅವರ ಅನುಭವ. ಹಿಂದಿನ ತಿಂಗಳು ಅವರೇ ತಮ್ಮ ಮೆಚ್ಚಿನ ಅಜ್ಜಿಯೊಬ್ಬಳ ಹಾಗೆ ಮಾತಿಗೊಮ್ಮೆ ಅಡಿಕೆ ಕತ್ತರಿಸಿ ನಮಗೆ ತಿನ್ನಿಸಿದ್ದರು. ನನಗೆ ತಲೆ ಸುತ್ತಿತ್ತು.

ಈ ತಿಂಗಳ ಸರದಿ ನನ್ನದು. ನನ್ನ ಮೆಚ್ಚಿನ ಪಾತ್ರ ತೆಪ್ಪ ನಡೆಸುವ ಈರಯ್ಯ. ಅವನಿರುವ ಕಾದಂಬರಿಯ ಹೆಸರು ಹೇಳಿ ಲೇಖಕರನ್ನು ಈ ಪ್ರಕರಣಕ್ಕೆ ಎಳೆಯಲಾರೆ. ಈರಯ್ಯನಿಗೆ ಅವಸರವೆಂಬುದೇ ಇಲ್ಲ. ಹೊಳೆ ಉಕ್ಕಲಿ, ಊರು ಮುಳುಗಲಿ, ಅವನು ಮೊದಲು ತಲೆಯ ಟವೆಲ್ಲು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ಆಕಾಶ ನೋಡುತ್ತಾನೆ. ಆಮೇಲೆ ಒಂದು ಚಿಟಿಕೆ ನಶ್ಯ ಏರಿಸುತ್ತಾನೆ. ಅಷ್ಟಾದ ಮೇಲೆಯೇ ಕೈ ಕೆಲಸಕ್ಕೆ ಹೋಗುವುದು. ಇನ್ನೊಂದು, ಅವನು ತೆಪ್ಪವನ್ನು ಎಂದೂ ಕಟ್ಟುವುದಿಲ್ಲ. ದಡದಲ್ಲಿ ನಿಂತು ಹಗ್ಗವನ್ನು ಕಾಲಿನ ಹೆಬ್ಬೆರಳಡಿ ಒತ್ತಿ ಹಿಡಿಯುತ್ತಾನೆ. ಆ ಹೆಬ್ಬೆರಳಿನ ವರ್ಣನೆಯೇ ಒಂದೂವರೆ ಪುಟವಿದೆ! ಅದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಹಾಗಾಗಿ ಪಂಚೆ ಉಟ್ಟು, ಜುಬ್ಬ ತೊಟ್ಟು, ತಲೆಗೆ ಟವೆಲ್ಲು ಸುತ್ತಿ, ಜೇಬಿನಲ್ಲಿ ನಶ್ಯದ ಡಬ್ಬಿ ಇಟ್ಟುಕೊಂಡು ಗಿರಿಜೆಯೊಡನೆ ಬೆಳಗಿನ ಬಸ್ಸಿಗೆ ನರಸೀಪುರಕ್ಕೆ ಹೊರಟೆ. ಸಭೆ ಸಂಗಮದಲ್ಲಿ. ಅಂದು ಬಂದವರು ನಾವಿಬ್ಬರು ಮತ್ತು ಮೇಡಂ, ಮೂವರೇ.

ಮಾದಪ್ಪ ಎಂಬ ತೆಪ್ಪದವನೊಡನೆ ಮೊದಲೇ ಮಾತಾಗಿತ್ತು. ಅವನು ನನ್ನ ವೇಷವನ್ನು ಮೇಲಿಂದ ಕೆಳಗೆ ನೋಡಿದ.

"ಸಾ, ಮ್ಯಾಗ್ಲಿಂದ ನೀರ್ ಬುಟ್ಟವ್ರೆ, ಒಳೆ ಜೋರೈತೆ. ಇವತ್ತು ಒಳೀಕ್ ಓಗಂಗಿಲ್ಲ. ಕಲ್ಲಿಗ್ ಕಟ್ಟಿರ್ತೀನಿ, ತೆಪ್ಪದಲ್ಲಿ ಕುಂತ್ಕಂಡು ಅದೇನ್ ಮಾತಾಡ್ಕತೀರೋ ಮಾತಾಡ್ಕಳಿ. ಟೀ ಕುಡ್ದು ಬತ್ತೀನಿ."

ತೆಪ್ಪವನ್ನು ಮೆಟ್ಟಿಲ ಬಳಿಯ ಕಲ್ಲಿಗೆ ಕಟ್ಟಿ, ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಅವನು ಹೋದ. ಹುಟ್ಟು ಬಿಟ್ಟುಹೋದರೆ ಯಾರಾದರೂ ತೆಪ್ಪ ನಡೆಸಿಕೊಂಡು ಹೊರಟುಬಿಡುತ್ತಾರಂತೆ. ಎಷ್ಟು ಮುಂದಾಲೋಚನೆಯ ಮನುಷ್ಯ! ಹಗ್ಗ ಬಿಚ್ಚುವವನೂ ಒಬ್ಬ ಇರಬಹುದೆಂದು ಪಾಪ ಅವನಿಗೆ ಹೊಳೆಯಲಿಲ್ಲ.

ಮೇಡಂ ಮತ್ತು ಗಿರಿಜೆ ತೆಪ್ಪದೊಳಗೆ ಕುಳಿತರು. ಇಬ್ಬರಿಗೂ ಈಜು ಬಾರದು. ನಾನು ಮೆಟ್ಟಿಲ ಮೇಲೆ ನಿಂತು ಭಾಷಣ ಆರಂಭಿಸಿದೆ. ಟವೆಲ್ಲು ಸರಿಮಾಡಿದೆ. ಆಕಾಶ ನೋಡಿದೆ. ಮೇಡಂ ತಲೆದೂಗಿದರು. ಹುರುಪು ಬಂದು ಬಗ್ಗಿ ಕಲ್ಲಿನ ಹಗ್ಗ ಬಿಚ್ಚಿದೆ.

"ರೀ, ಅದ್ಯಾಕ್ರೀ ಬಿಚ್ತೀರಾ?" ಎಂದಳು ಗಿರಿಜೆ.

"ಈರಯ್ಯ ಕಟ್ಟೋದಿಲ್ಲ."

"ಈರಯ್ಯ ಪುಸ್ತಕದಲ್ಲಿದ್ದಾನೆ. ನಾನು ನೀರಿನ ಮೇಲಿದ್ದೀನಿ."

"ನಾನು ಬಿ.ಎಸ್‌ಸಿ. ಓದಿದೋನು ಕಣೆ. ಘರ್ಷಣೆ ಅಂತ ಒಂದಿದೆ" ಎಂದು ಹಗ್ಗದ ತುದಿಯನ್ನು ಹೆಬ್ಬೆರಳಡಿ ಒತ್ತಿ ನಿಂತೆ.

ನಿಂತಿತು! ತೆಪ್ಪ ಒಂದು ಗೇಣೂ ಅಲುಗಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದರು. ಅಲ್ಲಿಗೇ ಮುಗಿಸಿ ವಂದನಾರ್ಪಣೆ ಮಾಡಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ. ಆದರೆ ನಶ್ಯ ಉಳಿದಿತ್ತು. ನನ್ನ ಜೀವಮಾನದಲ್ಲಿ ನಶ್ಯ ಏರಿಸಿದವನಲ್ಲ. ಈರಯ್ಯ ಚಿಟಿಕೆ ಎಂದರೆ ಎಷ್ಟು ತೆಗೆದುಕೊಳ್ಳುತ್ತಿದ್ದನೆಂದು ಕಾದಂಬರಿಯಲ್ಲಿ ಬರೆದಿಲ್ಲ. ನಾನು ಧಾರಾಳವಾಗಿಯೇ ತೆಗೆದುಕೊಂಡೆ.

ಮೊದಲ ಸೀನಿಗೆ ಟವೆಲ್ಲು ಬಿತ್ತು. ಎರಡನೆಯದಕ್ಕೆ ಕನ್ನಡಕ ಬಿತ್ತು. ಮೂರನೆಯದಕ್ಕೆ ನಾನೇ ಒಂದು ಮೆಟ್ಟಿಲು ಹಿಂದಕ್ಕೆ ಹಾರಿದೆ. ಹೆಬ್ಬೆರಳೂ ನನ್ನ ಜೊತೆಗೇ ಬಂತು.

ಕಣ್ಣೊರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದಾಗ ತೆಪ್ಪ ಮೂವತ್ತು ಅಡಿ ಆಚೆ ಇತ್ತು. ಅದರ ಹಿಂದೆ ಹಗ್ಗ ನೀರಹಾವಿನಂತೆ ಹರಿದು ಹೋಗುತ್ತಿತ್ತು.

ಇಲ್ಲಿಂದ ಮುಂದಿನದನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೇನೆ. ಅಂಗಡಿಯಲ್ಲಿ ವೈದ್ಯರ ಚೀಟಿ ಓದುವಾಗ ನೋಡುತ್ತೇನೆ, ಹಲ್ಲುಜ್ಜುವಾಗ ನೋಡುತ್ತೇನೆ. ತೆಪ್ಪ ನೆಟ್ಟಗೆ ಹೋಗುವುದಿಲ್ಲ, ತಿರುಗುತ್ತಾ ಹೋಗುತ್ತದೆ. ಒಮ್ಮೆ ಗಿರಿಜೆಯ ಮುಖ, ಒಮ್ಮೆ ಬೆನ್ನು. ಮೊದಲ ಸಲ ಮುಖ ಬಂದಾಗ "ರೀ!" ಎಂದು ಕೂಗಿದಳು. ಎರಡನೆಯ ಸಲ ಬಂದಾಗ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮೂರನೆಯ ಸಲ ಬಂದಾಗ ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ.

ಮುಂದೆ ಎರಡು ಹೊಳೆಗಳ ನೀರು ಸೇರುವ ಕಡೆ ಕೆಂಪು ನೀರು ಸುಳಿ ಸುತ್ತುತ್ತಿತ್ತು.

ಆ ಹೊತ್ತಿನಲ್ಲಿ ನಾನೇನು ಮಾಡಿದೆ? ಹೇಳಲೇಬೇಕು. ಬಿದ್ದ ಟವೆಲ್ಲನ್ನು ಎತ್ತಿ ತಲೆಗೆ ಸುತ್ತಿಕೊಂಡೆ. ಆಕಾಶ ನೋಡಿದೆ. "ಅವಸರ ಬೇಡಾ!" ಎಂದು ಕೂಗಿದೆ. ಯಾರಿಗೆ ಕೂಗಿದೆನೋ ನನಗೂ ಗೊತ್ತಿಲ್ಲ. ಅಲ್ಲಿ ಅವಸರ ಪಡುತ್ತಿದ್ದದ್ದು ಹೊಳೆ ಒಂದೇ.

ಆಮೇಲೆ ನೀರಿಗಿಳಿಯಲು ನಿರ್ಧರಿಸಿದೆ. ಅದಕ್ಕಾಗಿ ಪಂಚೆ ಎತ್ತಿ ಕಟ್ಟಿದೆ. ಗಂಟು ಸಡಿಲವಾಯಿತು. ಬಿಚ್ಚಿ ಮತ್ತೆ ಕಟ್ಟಿದೆ. ಮೊಬೈಲು ನೆನೆಯಬಾರದೆಂದು ಮೆಟ್ಟಿಲ ಮೇಲಿಟ್ಟೆ. ಅಲ್ಲಿಂದ ಯಾರಾದರೂ ಎತ್ತಿಕೊಂಡು ಹೋದರೆ ಎಂದು ಟವೆಲ್ಲು ಬಿಚ್ಚಿ ಅದರ ಮೇಲೆ ಮುಚ್ಚಿದೆ.

ಅಷ್ಟರಲ್ಲಿ ತೆಪ್ಪದಲ್ಲಿ ಕೆಲಸ ನಡೆದಿತ್ತು. ಗಿರಿಜೆ ತಾನು ತಂದಿದ್ದ ತಿಂಡಿ ಡಬ್ಬಿಯ ಮುಚ್ಚಳ ಕಿತ್ತು ಅದನ್ನೇ ಹುಟ್ಟಿನಂತೆ ಹಿಡಿದು ನೀರು ಎಳೆಯುತ್ತಿದ್ದಳು. ಡಬ್ಬಿಯಲ್ಲಿದ್ದ ಪುಳಿಯೋಗರೆಯನ್ನು ಹೊಳೆಗೆ ಸುರಿದು, ಅದೇ ಡಬ್ಬಿಯಿಂದ ಮೇಡಂ ಇನ್ನೊಂದು ಪಕ್ಕ ಎಳೆಯುತ್ತಿದ್ದರು. "ನೀನು ನಿಲ್ಸಿದಾಗ ನಾನು! ನಾನು ನಿಲ್ಸಿದಾಗ ನೀನು!" ಎಂದು ಮೇಡಂ ತರಗತಿಯ ದನಿಯಲ್ಲಿ ಆಜ್ಞೆ ಮಾಡುತ್ತಿದ್ದರು. ಸುಳಿಗೆ ಇನ್ನೇನು ನಾಲ್ಕು ಮಾರು ಇದೆ ಎನ್ನುವಾಗ ತೆಪ್ಪದ ಮೂತಿ ಒಂದಿಷ್ಟು ದಡದ ಕಡೆ ಹೊರಳಿತು. ತೆಪ್ಪಕ್ಕೆ ಮೂತಿಯಿಲ್ಲ, ದುಂಡಗಿರುತ್ತದೆ. ಆದರೂ ನನಗೆ ಹಾಗೆ ಕಂಡಿತು.

ಹೊಳೆ ಹರಿಯುವ ಕಡೆ ಒಂದಿಷ್ಟು ಮುಂದಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಸೀರೆ ಎಸೆದು, ಎದೆಮಟ್ಟದ ನೀರಿಗೆ ನುಗ್ಗಿ, ತೇಲಿ ಬರುತ್ತಿದ್ದ ಹಗ್ಗವನ್ನು ಹಿಡಿದಳು. ಮುಂಗೈಗೆ ಎರಡು ಸುತ್ತು ಸುತ್ತಿ ಎಳೆದಳು. ಅವಳೂ ಒಂದು ಗಳಿಗೆ ಕಾಲು ಜಾರಿ ಕುತ್ತಿಗೆವರೆಗೆ ಹೋದಳು. ಆದರೆ ಹಗ್ಗ ಬಿಡಲಿಲ್ಲ.

ನಾನು ಮೆಟ್ಟಿಲ ಮೇಲೆ ಓಡಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೂವರೂ ಸೊಂಟದ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದು ಮೇಲೆ ಬರುತ್ತಿದ್ದರು.

"ಯಾರವ್ವ ಹಗ್ಗ ಬುಟ್ಟಿದ್ದು?" ಎಂದು ಆ ಹೆಂಗಸು ಕೇಳಿದಳು.

ಮೇಡಂ ನನ್ನ ಕಡೆ ನೋಡಿದರು.

"ಕೈಯಲ್ ಇಡ್ಕಂಡಿರ್ಲಿಲ್ವಾ ಸಾಮಿ?"

"ಕಾಲಲ್ಲಿ ಹಿಡ್ಕೊಂಡಿದ್ದೆ" ಎಂದೆ.

ಅವಳು ನನ್ನ ಕಾಲು ನೋಡಿದಳು. ಮುಖ ನೋಡಿದಳು. "ಕೈ ಚೆಂದಾಗೇ ಅವಲ್ಲ" ಎಂದು ಗೊಣಗಿ, ತೇಲಿ ಹೋಗುತ್ತಿದ್ದ ತನ್ನ ಸೀರೆ ಹಿಡಿಯಲು ಮತ್ತೆ ನೀರಿಗಿಳಿದಳು. ಅವಳ ಹೆಸರು ಕೇಳುವುದನ್ನೂ ನಾನು ಮರೆತೆ. ಅಷ್ಟರಲ್ಲಿ ಮಾದಪ್ಪ ಹುಟ್ಟು ಹೊತ್ತು ಓಡಿ ಬಂದ. ಅವನು ನನ್ನನ್ನು ಬೈದ ಮಾತುಗಳನ್ನು ಇಲ್ಲಿ ಅಚ್ಚು ಮಾಡಲಾಗದು. ಎಲ್ಲವೂ ನ್ಯಾಯವಾಗಿಯೇ ಇದ್ದವು.

ಮೇಡಂ ಮನೆಗೆ ಹೋದರು. ನಾವಿಬ್ಬರೂ ನಂಜನಗೂಡಿನ ಬಸ್ಸು ಹತ್ತಿದೆವು. ಗಿರಿಜೆಯ ಸೀರೆಯಿಂದ ನೀರು ತೊಟ್ಟಿಕ್ಕಿ ಸೀಟಿನ ಕೆಳಗೆ ಹರಿಯುತ್ತಿತ್ತು. ಅವಳ ಕೈ ಹಿಡಿಯಲು ಹೋದೆ, ಅವಳು ಕಿಟಕಿಯ ಕಡೆ ಸರಿದು ಕುಳಿತಳು. ಏನು ಹೇಳಿದರೂ ಅದು ನನ್ನ ಬಾಯಲ್ಲಿ ಭಾಷಣವಾಗಿಯೇ ಬರುತ್ತದೆಂದು ನನಗೂ ಭಯವಿತ್ತು.

ಕಂಡಕ್ಟರ್ ಬಂದು ನಿಂತ.

"ಏನಕ್ಕಾ ಇದು, ಮಳೆನೂ ಇಲ್ಲ ಏನೂ ಇಲ್ಲ, ಇಂಗ್ ನೆಂದೋಗಿದ್ದೀರಿ?"

"ಇವ್ರು ಪುಸ್ತಕದ್ ಬಗ್ಗೆ ಮಾತಾಡ್ತಿದ್ರು" ಎಂದಳು ಗಿರಿಜೆ. "ಹೊಳೆಗೆ ಬಿದ್ದು ಸಾಯ್ತಿದ್ದೆ."

ಸುತ್ತಲಿನ ಸೀಟುಗಳವರೆಲ್ಲ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, ನಡೆದ ಅನಾಹುತವನ್ನೂ, ನೀರಿನ ಸೆಳೆತವನ್ನೂ, ನನ್ನ ಎದೆ ಈಗಲೂ ಹೇಗೆ ಬಡಿದುಕೊಳ್ಳುತ್ತಿದೆ ಎಂಬುದನ್ನೂ ವಿವರಿಸಿದೆ. ಕಂಡಕ್ಟರ್ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಇಸ್ತ್ರಿ ಮುರಿಯದ ನನ್ನ ಜುಬ್ಬ ನೋಡಿದ, ಬಗ್ಗಿ ಪಂಚೆಯ ಅಂಚು ನೋಡಿದ.

"ನೀವ್ ನೆಂದೇ ಇಲ್ವಲ್ಲ ಸಾ?"