ಹೆಸರು ಹೇಳಬಾರದ ಕೊಲೆಗಾರ

ಹುಣಸೂರಿನ ಪೇಟೆಯಲ್ಲಿ ಹಗ್ಗ, ಮಿಣಿ, ಮೂಗುದಾರ ಮಾರುವ ಶಿವನಂಜಪ್ಪನಿಗೆ ಹೆಂಡತಿಯ ಮೇಲಿದ್ದ ಸಿಟ್ಟು ಒಂದೇ ಒಂದು. ಪುಟ್ಟಸಿದ್ದಮ್ಮ ಅಡುಗೆಯಲ್ಲಿ ಕೈ ಪಳಗಿದವಳು, ಅತ್ತೆಗೆ ಎದುರು ಮಾತಾಡಿದವಳಲ್ಲ, ಒಡವೆ ಬೇಕೆಂದು ಹಟ ಹಿಡಿದವಳೂ ಅಲ್ಲ. ಆದರೆ ಗಂಡ ಮೂರು ವಾರ ಬೆವರು ಸುರಿಸಿ ಬಚ್ಚಿಟ್ಟ ಕೊಲೆಗಾರನನ್ನು ಅವಳು ಮೂರೇ ನಿಮಿಷದಲ್ಲಿ ಕುತ್ತಿಗೆ ಹಿಡಿದು ಹೊರಗೆ ತರುತ್ತಿದ್ದಳು. ಇದನ್ನು ಯಾವ ಗಂಡ ಸಹಿಸಿಯಾನು?

ಶಿವನಂಜಪ್ಪ ಪತ್ತೇದಾರಿ ಕಥೆ ಬರೆಯುತ್ತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಿಣಿಯ ಸುರುಳಿಗೆ ಒರಗಿ ಕೂತು ಇದುವರೆಗೆ ಹನ್ನೊಂದು ಜನರನ್ನು ಪರಲೋಕಕ್ಕೆ ಕಳಿಸಿದ್ದ. ಹನ್ನೊಂದು ಜನವೂ ಮಿಣಿಯಿಂದಲೇ ಸತ್ತಿದ್ದರು. (ಕತ್ತಿ, ಕೋವಿಗಳ ವಿಷಯ ಬರೆಯಲು ತನಗೆ ಅಧಿಕಾರವಿಲ್ಲವೆಂದು ಅವನ ಪ್ರಾಮಾಣಿಕ ನಂಬಿಕೆ.) ಬರೆದದ್ದನ್ನು ಮೊದಲು ಹೆಂಡತಿಗೆ ಓದಿ ಹೇಳುವುದು, ಆಮೇಲೆ ಮೈಸೂರಿನ ಒಂದು ಮಾಸಪತ್ರಿಕೆಗೆ ಅಂಚೆಯಲ್ಲಿ ಕಳಿಸುವುದು ರೂಢಿ.

ಪುಟ್ಟಸಿದ್ದಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಹಿಂದಿನ ಕಥೆಯಲ್ಲಿ ಗಂಡ ಎರಡನೆಯ ಹಾಳೆ ತಿರುಗಿಸುವಷ್ಟರಲ್ಲಿ, "ಸತ್ತೋರ ಮನೆಗೆ ಬಂದೋನು ನೀರು ಎಲ್ಲೈತೆ ಅಂತ ಕೇಳ್ದೆ ಸೀದಾ ಹಿತ್ತಲ ಬಾನಿ ಹತ್ರಕ್ಕೆ ಹೋದ್ನಲ್ಲ, ಆ ಮನೆ ಅವನಿಗೆ ಹೊಸದಲ್ಲ. ಅವನೇ ಬುಡಿ," ಎಂದು ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋಗಿದ್ದಳು. ಮಿಕ್ಕ ಹದಿನಾರು ಹಾಳೆಗಳನ್ನು ಶಿವನಂಜಪ್ಪ ಬೆಕ್ಕಿಗೆ ಓದಿ ಹೇಳಿದ.

ಸಾಲದ್ದಕ್ಕೆ ಪತ್ರಿಕೆಯ ಸಂಪಾದಕರಿಂದ ಕಾಗದ ಬಂತು. 'ತಮ್ಮ ಕೊಲೆಗಾರರು ಎರಡನೆಯ ಹಾಳೆಯಲ್ಲೇ ತಾವಾಗಿ ಶರಣಾಗುತ್ತಿದ್ದಾರೆ. ಇನ್ನೊಂದೇ ಒಂದು ಕಥೆ ನೋಡುತ್ತೇನೆ. ಅದೂ ಹೀಗೇ ಆದರೆ ದಯಮಾಡಿ ಅಂಚೆಯ ಖರ್ಚು ಉಳಿಸಿಕೊಳ್ಳತಕ್ಕದ್ದು.' ಈ ಕಾಗದ ತಂದ ಅಂಚೆಯವನು ಊರಿಗೆ ಹೊಸಬ. ಇದು ಯಾರ ಮನೆಯೆಂದು ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಪುಟ್ಟಸಿದ್ದಮ್ಮ ಸೆರಗು ಎಳೆದುಕೊಂಡು ಅಂಗಡಿಯ ಬೋರ್ಡಿನ ಕಡೆ ಬೆರಳು ತೋರಿಸಿದಳಂತೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆ ಬೀದಿಯಲ್ಲೇ ಇರಲಿಲ್ಲ.

ಶಿವನಂಜಪ್ಪನ ತಲೆಯಲ್ಲಿ ದೀಪ ಹತ್ತಿಕೊಂಡದ್ದು ಆಗ. ಕೊಲೆಗಾರನಿಗೆ ಶಿವನಂಜಪ್ಪ ಎಂದೇ ಹೆಸರಿಟ್ಟರೆ ಇವಳು ಹೇಗೆ ಹೇಳುತ್ತಾಳೆ ನೋಡೋಣ.

ಹನ್ನೆರಡನೆಯ ಕಥೆ ಹೀಗೆ ಹುಟ್ಟಿತು. ಬೆಟ್ಟದಪುರದ ಛತ್ರದಲ್ಲಿ ಆರು ಜನ ಪ್ರಯಾಣಿಕರು. ಕೊಡಗಿನ ಏಲಕ್ಕಿ ವ್ಯಾಪಾರಿಯೊಬ್ಬನ ಹೆಣ. ಕತ್ತಿನಲ್ಲಿ ಮೂರೆಳೆಯ ಉತ್ತಮ ದರ್ಜೆಯ ಮಿಣಿ. ಆರು ಜನರಿಗೂ ಹೆಸರು ಕೊಟ್ಟನೇ ಹೊರತು ಕಸುಬು ಕೊಡಲಿಲ್ಲ. ಕೊಟ್ಟರೆ ಅದನ್ನೇ ಹೇಳಿ ಹೆಂಡತಿ ನುಣುಚಿಕೊಂಡಾಳು ಎಂಬ ದೂರದೃಷ್ಟಿ.

ಭಾನುವಾರ ಮಧ್ಯಾಹ್ನ ಪಕ್ಕದ ಅಂಗಡಿಯ ಲಿಂಗಣ್ಣನನ್ನು ನ್ಯಾಯ ಹೇಳಲು ಕೂರಿಸಿಕೊಂಡು ಶಿವನಂಜಪ್ಪ ಪಂದ್ಯ ಕಟ್ಟಿದ. ಕೊಲೆಗಾರನ ಹೆಸರನ್ನು ಅವಳು ಬಾಯಲ್ಲಿ ಹೇಳಿದರೆ ತಾನು ಇನ್ನು ಲೇಖನಿ ಮುಟ್ಟುವುದಿಲ್ಲ. ಹೇಳದಿದ್ದರೆ ಕಥೆ ನಾಳೆಯೇ ಮೈಸೂರಿಗೆ. ಪುಟ್ಟಸಿದ್ದಮ್ಮ ಆಗಲಿ ಎಂದು ನೆನೆಸಿದ ಅವರೆಕಾಳಿನ ಮೊರ ಮುಂದಿಟ್ಟುಕೊಂಡು ಹಿತುಕುತ್ತಾ ಕೂತಳು. ಕೊನೆಯ ಹಾಳೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಓದಿ ಮುಗಿಸಿದ ಶಿವನಂಜಪ್ಪ ಗೆದ್ದೇಬಿಟ್ಟೆ ಎನ್ನುವ ಮುಖದಲ್ಲಿ ತಲೆಯೆತ್ತಿದ.

ಅವಳು ಆರು ಕಾಳು ಎತ್ತಿ ನೆಲದ ಮೇಲೆ ಸಾಲಾಗಿ ಇಟ್ಟಳು.

"ಇದು ಅಂಕಯ್ಯ, ಇವನಲ್ಲ. ಇದು ಚಾಮಯ್ಯ, ಅಲ್ಲ. ಚಿಕ್ಕಮಾದು, ಬಸವರಾಜು, ಪುಟ್ಟಸ್ವಾಮಿ, ಮೂವರೂ ಪಾಪದೋರು." ಐದು ಕಾಳು ಮೊರಕ್ಕೆ ಹಿಂದಿರುಗಿದವು. ಆರನೆಯದನ್ನು ಕಿರುಬೆರಳಲ್ಲಿ ಮೆಲ್ಲಗೆ ಗಂಡನ ಮೊಣಕಾಲಿನ ಬಳಿಗೆ ತಳ್ಳಿದಳು. "ನಾನು ಹೇಳ್ಬಾರ್ದು ಅಂತ್ಲೇ ಆ ಹೆಸ್ರು ಇಟ್ಟಿದ್ದೀರಿ. ಕೊಲೆ ಮಾಡ್ದೋನಲ್ಲದಿದ್ರೆ ಯಾಕೆ ಇಡ್ತಿದ್ರಿ?"

ಲಿಂಗಣ್ಣ ನಕ್ಕ. ಶಿವನಂಜಪ್ಪ ನಗಲಿಲ್ಲ. ಅವರೆಕಾಳು ಹೆಸರಲ್ಲ, ಪಂದ್ಯ ಕಟ್ಟಿದ್ದು ಬಾಯಿಮಾತಿಗೆ ಎಂದು ಅರ್ಧ ಗಂಟೆ ವಾದ ಹೂಡಿದ. ಲಿಂಗಣ್ಣನಿಗೆ ಮನೆಗೆ ಹೋಗಬೇಕಾಗಿದ್ದರಿಂದ, "ಆಯ್ತು ಕಣಯ್ಯ, ನೀನೇ ಗೆದ್ದೆ," ಎಂದು ಎದ್ದ.

ಗೆಲುವಿನ ಸಂಭ್ರಮ ಮಾರನೆಯ ಬೆಳಗಿನವರೆಗೆ ಇತ್ತು. ಬೆಳಿಗ್ಗೆ ಬಾವಿಯ ಬಳಿ ಹೆಂಗಸರು ಪುಟ್ಟಸಿದ್ದಮ್ಮನನ್ನು ಸುತ್ತುವರಿದು ಕಥೆ ಹೇಳಿಸಿಕೊಂಡರು. ಏಲಕ್ಕಿ ವ್ಯಾಪಾರಿ ಸತ್ತದ್ದಾಯಿತು, ಮಿಣಿ ಸಿಕ್ಕಿದ್ದಾಯಿತು, ಕೊಂದವರು ಯಾರು? ಅವಳು ತಾನೇ ಏನು ಮಾಡಿಯಾಳು. ನಮ್ಮನೆಯವರ ಹೆಸರಿನವನು ಎಂದಳು. ಮೊದಲನೆಯ ಬಿಂದಿಗೆ ಮನೆ ಸೇರುವ ತನಕ ಮಾತು ಹಾಗೆಯೇ ಇತ್ತು. ಮೂರನೆಯ ಬಿಂದಿಗೆಯ ಹೊತ್ತಿಗೆ 'ಹೆಸರಿನವನು' ತುಳುಕಿ ಹೋಗಿ ಬರೀ 'ಅವಳ ಮನೆಯವರು' ಉಳಿದಿತ್ತು.

ಹತ್ತು ಗಂಟೆಗೆ ಪಿರಿಯಾಪಟ್ಟಣದ ಕಡೆಯ ಗಾಡಿಯವನೊಬ್ಬ ಚೌಕಾಸಿ ಮಾಡಿ ಕೈಗೆತ್ತಿಕೊಂಡಿದ್ದ ಮಿಣಿಯನ್ನು ಹಾವು ಬಿಟ್ಟಂತೆ ಕೆಳಗೆ ಬಿಟ್ಟು, "ಹೊಸದು ಕೊಡಿ ಯಜಮಾನ್ರೇ. ಯಾರ ಕತ್ಗೂ ಹಾಕ್ದೆ ಇರೋದು," ಎಂದ. ಶಿವನಂಜಪ್ಪ ಅವನ ಬುದ್ಧಿಯನ್ನು ಶಂಕಿಸುತ್ತಿರುವಾಗಲೇ ಠಾಣೆಯ ದಫೇದಾರ್ ಚೆಲುವಯ್ಯ ರುಮಾಲು ಸರಿಪಡಿಸಿಕೊಂಡು ಜಗಲಿ ಹತ್ತಿ ಕೂತ.

ಅದು ಕಥೆ, ಬರೀ ಕಥೆ ಎಂದು ಶಿವನಂಜಪ್ಪ ಬಡಬಡಿಸಿದ. ಸಿಕ್ಕಿಬಿದ್ದವರೆಲ್ಲ ಹಾಗೆಯೇ ಹೇಳುತ್ತಾರೆಂದು ಚೆಲುವಯ್ಯ ಒಳಬಾಗಿಲ ಕಡೆ ತಿರುಗಿ, "ನೀವೇ ಯೋಳಿ ತಾಯಿ. ಕೊಂದೋರು ಯಾರು?" ಎಂದು ಕೇಳಿದ.

ಪುಟ್ಟಸಿದ್ದಮ್ಮ ಸೆರಗು ಎಳೆದುಕೊಂಡು ಗಂಡನ ಮುಖ ನೋಡಿದಳು.

"ಹೇಳೇ," ಎಂದು ಗಂಡ ಅಂಗಲಾಚಿದ. "ಕಥೆಯಲ್ಲಿ ಬರೋನ ಹೆಸರನ್ನ ಬಾಯಿಬಿಟ್ಟು ಹೇಳೇ."

"ಮುತ್ತೈದೆ ಬಾಯಲ್ಲಿ ಆ ಹೆಸ್ರು ಹೆಂಗೆ ಬಂದಾತು? ಅವ್ರೇ ಕಣಣ್ಣ. ಅವ್ರೇ."

ಚೆಲುವಯ್ಯನ ಕೈ ಸೊಂಟದ ಬೇಡಿಯ ಕಡೆ ಹೋಯಿತು. ಶಿವನಂಜಪ್ಪ ಗಲ್ಲಾಪೆಟ್ಟಿಗೆಯ ಕೆಳಗಿದ್ದ ಕಥೆಯ ಹಾಳೆಗಳನ್ನು ಬಾಚಿ ಅವನ ತೊಡೆಯ ಮೇಲೆ ಸುರಿದ. ದಫೇದಾರ ಬೆರಳಿಗೆ ಎಂಜಲು ಹಚ್ಚಿ ಒಂದನೆಯ ಹಾಳೆ ಓದಿದ. ಎರಡನೆಯದನ್ನು ಅರ್ಧ ಓದಿ, ಮಿಕ್ಕದ್ದನ್ನು ಮಡಿಸಿ ಪಕ್ಕಕ್ಕಿಟ್ಟ.

"ಕೊಂದೋನು ಇವನೇ ತಾನೆ, ನಿಮ್ಮ ಹೆಸ್ರಿನೋನು?"

ಹೇಗೆ ಗೊತ್ತಾಯಿತು ಎಂದು ಶಿವನಂಜಪ್ಪ ಕೇಳಿದ.

"ಛತ್ರದಾಗಿರೋ ಮಿಕ್ಕ ಐದು ಜನದಾಗೆ ಒಬ್ಬ ಮೆಳ್ಳಗಣ್ಣ, ಒಬ್ಬ ಕುಂಟ, ಒಬ್ಬ ಜಿಪುಣ, ಒಬ್ಬ ಕುಡುಕ, ಇನ್ನೊಬ್ಬ ಬೀಡಿ ಕದಿಯೋನು. ಇವನೊಬ್ಬ ಮಾತ್ರ ಆಜಾನುಬಾಹು, ಧರ್ಮಾತ್ಮ, ಇರುವೆ ತುಳೀದಂಗೆ ನಡೆಯೋನು. ಹೆಸ್ರು ನಿಮ್ದು ಅಂತ ಅವನಿಗೊಂದು ಐಬು ಇಡೋಕೂ ನಿಮ್ ಕೈ ಬಂದಿಲ್ಲ." ಚೆಲುವಯ್ಯ ಎದ್ದು ಪಟ್ಟಿ ಬಿಗಿ ಮಾಡಿಕೊಂಡ. "ಇದು ಕತೇನೇ, ಒಪ್ಪಿದೆ. ನಿಜವಾಗ್ಲೂ ಕೊಲೆ ಮಾಡೋ ಆಸಾಮಿ ಇಷ್ಟು ಸಲೀಸಾಗಿ ಸಿಕ್ಕಾಕ್ಕೊಳಾಕಿಲ್ಲ. ನಿಮ್ ಕೈಲಿ ಆಗೋ ಕೆಲ್ಸ ಅಲ್ಲ ಬುಡಿ."

ಶಿವನಂಜಪ್ಪನ ಕುತ್ತಿಗೆ ಉಳಿಯಿತು. ಆದರೆ ಎದೆ ಕುದಿಯುತ್ತಿತ್ತು. ಹನ್ನೆರಡು ಹೆಣ ಕೆಡವಿದವನಿಗೆ, ನಡುಬೀದಿಯಲ್ಲಿ, ಮಿಣಿ ಕೊಳ್ಳಲು ಬಂದವರ ಎದುರಿಗೆ, ನಿನ್ನ ಕೈಲಿ ಆಗದು ಎನ್ನುವುದೆಂದರೇನು? ಸಾಹಿತ್ಯದ ಮಾನ ಉಳಿಯುವುದಾದರೆ ಹೌದು, ನಾನೇ ಕೊಂದೆ ಎಂದುಬಿಡೋಣ ಎನ್ನಿಸಿತು. ಜಗಲಿ ಇಳಿಯುತ್ತಿದ್ದ ದಫೇದಾರನನ್ನು ಕೂಗಲು ಎದ್ದು ನಿಂತು ಕೈ ಎತ್ತಿದ.

ಬಾಯಿ ಇನ್ನೂ ತೆರೆದಿರಲಿಲ್ಲ. ಒಳಗಿನಿಂದ ಪುಟ್ಟಸಿದ್ದಮ್ಮನ ದನಿ ಬಂತು.

"ಸುಮ್ಕೆ ಕೂತ್ಕಳಿ ಅಂದ್ರೆ. ಒಪ್ಕೊಂಡ್ರೂ ಅವ್ರು ನಂಬಾಕಿಲ್ಲ."